ಆ ಚೀಲದಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿತ್ತಾ?

1989ರಲ್ಲಿ ಆಸ್ಟ್ರೇಲಿಯಾದ ಟಿವಿಯಲ್ಲಿ ‘ಬ್ಯಾಂಕಾಕ್ ಹಿಲ್ಟನ್’ ಎಂಬ ಮೂರು ಭಾಗಗಳ ಸರಣಿಯೊಂದು ಬಂತು. ಥಾಯ್ಲೆಂಡಿನ ಜೈಲಿಗೆ ವಿದೇಶಿಯರು ಇಟ್ಟ ಅಡ್ಡಹೆಸರು ಅದು. ಬರೆದವರು ಟೆರ್ರಿ ಹೇಯ್ಸ್ ಮತ್ತು ಟೋನಿ ಮಾರ್ಫೆಟ್, ನಿರ್ದೇಶನ ಕೆನ್ ಕ್ಯಾಮರಾನ್ ಅವರದು. ನಾಯಕಿ ನಿಕೋಲ್ ಕಿಡ್ಮನ್. ಆಗ ಅವರಿಗೆ 22 ವರ್ಷ, ಇನ್ನೂ ಹಾಲಿವುಡ್ಡಿನ ದೊಡ್ಡ ತಾರೆಯಾಗಿರಲಿಲ್ಲ. ನಾನು ಇದನ್ನು ನೋಡಿದ್ದು ಬಹಳ ತಡವಾಗಿ. ಚಿತ್ರ ಮಸುಕು, ಸಂಗೀತ ಹಳೆಯದು, ಕೆಲವು ದೃಶ್ಯಗಳ ನಾಟಕೀಯತೆ ಈಗ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ಆದರೂ ನೋಡಿ ಮುಗಿಸಿದ ಮೇಲೆ ಎಷ್ಟೋ ದಿನ ಅದೇ ಯೋಚನೆ.

ಕತೆ ಹೀಗಿದೆ. ಕ್ಯಾಟ್ ಸ್ಟಾಂಟನ್ ಎಂಬ ಹುಡುಗಿ ಶ್ರೀಮಂತರ ಮನೆಯಲ್ಲಿ ಒಂಟಿಯಾಗಿ ಬೆಳೆದವಳು. ಅಪ್ಪ ಯಾರು, ಎಲ್ಲಿದ್ದಾನೆ ಎಂದು ಅವಳಿಗೆ ಯಾರೂ ಸರಿಯಾಗಿ ಹೇಳಿಲ್ಲ. ಅಪ್ಪ ಬದುಕಿರಬಹುದು ಎಂದು ಗೊತ್ತಾದಾಗ ಹುಡುಕಿಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಆರ್ಕಿ ರೇಗನ್ ಎಂಬವನ ಪರಿಚಯವಾಗುತ್ತದೆ. ನೋಡಲು ಚೆಂದ, ಮಾತು ಮೃದು. ಇವಳು ಹೇಳುವುದನ್ನೆಲ್ಲ ಕಿವಿಗೊಟ್ಟು ಕೇಳುತ್ತಾನೆ. ಯಾರೂ ಕೇಳದೆ ಬೆಳೆದವಳಿಗೆ ಅಷ್ಟು ಸಾಕು. ಬ್ಯಾಂಕಾಕ್ ವಿಮಾನ ನಿಲ್ದಾಣದಲ್ಲಿ ಅವಳ ಸಾಮಾನಿನೊಳಗೆ ಮಾದಕ ವಸ್ತು ಸಿಗುತ್ತದೆ. ಅವನು ತಪ್ಪಿಸಿಕೊಳ್ಳುತ್ತಾನೆ. ಅವಳು ಜೈಲಿಗೆ ಹೋಗುತ್ತಾಳೆ.

ಹಲವರಿಗೆ ಈ ಸರಣಿ ಅಂದರೆ ಜೈಲಿನ ದೃಶ್ಯಗಳು. ಕಿಕ್ಕಿರಿದ ಕೋಣೆ, ಸೆಕೆ, ಹೊಡೆತ, ಮರಣದಂಡನೆಗೆ ಕಾಯುವ ಹೆಂಗಸರು. ನನ್ನ ಮಟ್ಟಿಗೆ ಇದರ ನಿಜವಾದ ಶಕ್ತಿ ಇರುವುದು ಜೈಲಿಗೆ ಮೊದಲಿನ ಭಾಗದಲ್ಲಿ. ಒಬ್ಬಳ ವಿಶ್ವಾಸವನ್ನು ಇನ್ನೊಬ್ಬ ಹೇಗೆ ಸಂಪಾದಿಸುತ್ತಾನೆ ಎಂಬುದನ್ನು ಸರಣಿ ಆತುರವಿಲ್ಲದೆ ತೋರಿಸುತ್ತದೆ. ಬೆದರಿಕೆ ಇಲ್ಲ, ಬಂದೂಕು ಇಲ್ಲ. ಒಂದು ಊಟ, ಒಂದು ಪ್ರಯಾಣ, ಒಂದು ಉಡುಗೊರೆ. ಕಳ್ಳಸಾಗಣೆಯವನಿಗೆ ಬೇಕಾದ್ದು ಹೆದರಿದ ಹುಡುಗಿಯಲ್ಲ. ಹೆದರಿದವರು ಕಸ್ಟಮ್ಸ್ ಅಧಿಕಾರಿಯ ಮುಂದೆ ಬೆವರುತ್ತಾರೆ. ಪ್ರೀತಿಸುವವಳು ಬೆವರುವುದಿಲ್ಲ. ಅವಳು ನಗುತ್ತಾ ಚೀಲ ಎತ್ತಿಕೊಂಡು ನಡೆಯುತ್ತಾಳೆ.

ಈ ಕತೆ ಬರುವ ಹೊತ್ತಿಗೆ ಆಸ್ಟ್ರೇಲಿಯಾದ ಮನೆಮನೆಯಲ್ಲೂ ಇಂಥದ್ದೇ ಒಂದು ನಿಜವಾದ ಪ್ರಕರಣದ ಮಾತು ನಡೆದು ಮುಗಿದಿತ್ತು. 1983ರ ನವೆಂಬರ್‌ನಲ್ಲಿ ಕೆವಿನ್ ಬಾರ್ಲೋ, ಬ್ರಯಾನ್ ಚೇಂಬರ್ಸ್ ಎಂಬ ಇಬ್ಬರು ಮಲೇಷ್ಯಾದ ಪೆನಾಂಗ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ಸೂಟ್‌ಕೇಸಿನಲ್ಲಿದ್ದದ್ದು 140 ಗ್ರಾಂ ದಾಟಿದ ಹೆರಾಯಿನ್. ಅಲ್ಲಿನ ಕಾನೂನಿನಲ್ಲಿ 15 ಗ್ರಾಂ ಹೆರಾಯಿನ್ ಇದ್ದರೂ ಸಾಕು, ನೀವು ಮಾರಾಟಗಾರ ಎಂದೇ ಲೆಕ್ಕ. ಅದೇ ವರ್ಷ ಮಲೇಷ್ಯಾ ಈ ಅಪರಾಧಕ್ಕೆ ಮರಣದಂಡನೆಯನ್ನು ಕಡ್ಡಾಯ ಮಾಡಿತ್ತು. ನ್ಯಾಯಾಧೀಶರಿಗೆ ಬೇರೆ ಶಿಕ್ಷೆ ಕೊಡುವ ಅಧಿಕಾರವೇ ಇರಲಿಲ್ಲ. 1986ರ ಜುಲೈ 7ರಂದು ಕೌಲಾಲಂಪುರದ ಪುಡು ಜೈಲಿನಲ್ಲಿ ಇಬ್ಬರನ್ನೂ ಗಲ್ಲಿಗೇರಿಸಿದರು. ಆ ಕಾನೂನಿನಡಿ ನೇಣಿಗೆ ಹೋದ ಮೊದಲ ಪಾಶ್ಚಾತ್ಯರು ಅವರು.

ಬಾರ್ಲೋ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಹಾಗಾಗಿ ಮಾರ್ಗರೆಟ್ ಥ್ಯಾಚರ್ ಕೂಡ ಕ್ಷಮೆ ಕೇಳಿ ಮನವಿ ಮಾಡಿದರು. ಆಸ್ಟ್ರೇಲಿಯಾದ ಪ್ರಧಾನಿ ಬಾಬ್ ಹಾಕ್ ಈ ಶಿಕ್ಷೆಯನ್ನು ಬರ್ಬರ ಎಂದರು, ಎರಡು ದೇಶಗಳ ಸಂಬಂಧ ಕೆಟ್ಟಿತು. ಬಾರ್ಲೋ ಪರವಾಗಿ ಮೇಲ್ಮನವಿಯಲ್ಲಿ ವಾದಿಸಿದವರು ಪೆನಾಂಗಿನ ಪಂಜಾಬಿ ಮೂಲದ ವಕೀಲ ಕರ್ಪಾಲ್ ಸಿಂಗ್. ಮುಂದೆಯೂ ಅವರು ಸಾಯುವ ತನಕ ಗಲ್ಲುಶಿಕ್ಷೆಯ ವಿರುದ್ಧ ಗಟ್ಟಿಯಾಗಿ ನಿಂತವರು. ಬಾರ್ಲೋನ ತಾಯಿ ಬಾರ್ಬರಾ ಮಗನನ್ನು ಉಳಿಸಲು ಓಡಾಡಿದ ಕತೆಯೇ 1988ರಲ್ಲಿ ‘ದಾದಾ ಈಸ್ ಡೆತ್’ (ಮಲಯ್ ಭಾಷೆಯಲ್ಲಿ ದಾದಾ ಅಂದರೆ ಮಾದಕ ವಸ್ತು) ಎಂಬ ಇನ್ನೊಂದು ಟಿವಿ ನಾಟಕವಾಯಿತು. ತಾಯಿಯಾಗಿ ನಟಿಸಿದ್ದು ಜೂಲಿ ಕ್ರಿಸ್ಟಿ. ಚೇಂಬರ್ಸ್ ಆಗಿದ್ದದ್ದು ಹ್ಯೂಗೋ ವೀವಿಂಗ್. ಅದೇ ವೀವಿಂಗ್ ಮರುವರ್ಷ ‘ಬ್ಯಾಂಕಾಕ್ ಹಿಲ್ಟನ್’ನಲ್ಲಿ ಕ್ಯಾಟ್‌ಳನ್ನು ಬಿಡಿಸಲು ಹೆಣಗುವ ವಕೀಲನ ಪಾತ್ರದಲ್ಲಿ ಬರುತ್ತಾರೆ. ಒಂದರಲ್ಲಿ ಗಲ್ಲಿಗೆ ಹೋಗುವವ, ಇನ್ನೊಂದರಲ್ಲಿ ಗಲ್ಲು ತಪ್ಪಿಸಲು ಓಡಾಡುವವ.

ಎರಡೂ ನಾಟಕಗಳ ನಡುವೆ ಒಂದು ದೊಡ್ಡ ವ್ಯತ್ಯಾಸ ಇದೆ. ಬಾರ್ಲೋ, ಚೇಂಬರ್ಸ್ ವಿಷಯದಲ್ಲಿ ಯಾರಿಗೆ ಎಷ್ಟು ಗೊತ್ತಿತ್ತು ಎಂಬುದು ಕೊನೆವರೆಗೂ ಜಗ್ಗಾಟದ ವಿಷಯವಾಗಿತ್ತು. ಕ್ಯಾಟ್ ವಿಷಯದಲ್ಲಿ ಅಂಥ ಯಾವ ಗೊಂದಲವೂ ಇಲ್ಲ. ಅವಳಿಗೆ ಏನೂ ಗೊತ್ತಿಲ್ಲ, ನೋಡುವ ನಮಗೆ ಎಲ್ಲ ಗೊತ್ತು. ನಿಜಜೀವನದ ಕಷ್ಟದ ಪ್ರಶ್ನೆಯನ್ನು ಬರಹಗಾರರು ಪೂರ್ತಿ ತೆಗೆದುಹಾಕಿದ್ದಾರೆ. ನಮ್ಮ ಕಣ್ಣೀರಿಗೆ ದಾರಿ ಸಲೀಸಾಯಿತು. ಇಲ್ಲೇ ನನಗೆ ತಕರಾರು ಇರುವುದು.

ತಕರಾರಿಗೆ ಬರುವ ಮೊದಲು ಕಾನೂನು ಈ ‘ಗೊತ್ತಿತ್ತಾ’ ಎಂಬ ಪ್ರಶ್ನೆಯನ್ನು ಹೇಗೆ ನೋಡುತ್ತದೆ ಅಂತ ಹೇಳಬೇಕು. ಕಳ್ಳತನ, ಕೊಲೆಯ ಕೇಸುಗಳಲ್ಲಿ ಆರೋಪಿ ತಪ್ಪು ಮಾಡಿದ್ದಾನೆ ಎಂದು ತೋರಿಸುವ ಹೊಣೆ ಸರ್ಕಾರದ್ದು. ಮಾದಕ ವಸ್ತುವಿನ ಕೇಸಿನಲ್ಲಿ ಹಲವು ದೇಶಗಳು ಈ ಹೊಣೆಯನ್ನು ತಿರುಗಿಸಿ ಇಟ್ಟಿವೆ. ಸಿಂಗಾಪುರದಲ್ಲಿ ಚೀಲದ ಬೀಗದ ಕೈ ನಿಮ್ಮ ಬಳಿ ಇದ್ದರೆ ಒಳಗಿನ ಮಾಲು ನಿಮ್ಮದೇ ಎಂದು ಮೊದಲೇ ಊಹಿಸಿಕೊಳ್ಳುತ್ತಾರೆ. ಅದು ಏನು ಎಂಬುದೂ ನಿಮಗೆ ಗೊತ್ತಿತ್ತು ಎಂದೇ ಊಹೆ. ಗೊತ್ತಿರಲಿಲ್ಲ ಎಂದು ತೋರಿಸಬೇಕಾದವರು ನೀವು. ಅದನ್ನು ತೋರಿಸುವುದು ಹೇಗೆ? ಆರ್ಕಿಯಂಥವನು ಅಷ್ಟೊತ್ತಿಗೆ ಇನ್ನೊಂದು ದೇಶದಲ್ಲಿ ಇನ್ನೊಂದು ಹೆಸರಿನಲ್ಲಿ ಓಡಾಡುತ್ತಿರುತ್ತಾನೆ. ಅವನ ಫೋನ್ ನಂಬರ್ ಸತ್ತಿರುತ್ತದೆ. ಪ್ರೀತಿಗೆ ರಸೀದಿ ಇರುವುದಿಲ್ಲ ಅಲ್ವಾ?

ಇದು ಪರದೇಶದ ಕ್ರೌರ್ಯ ಮಾತ್ರ ಅಂದುಕೊಳ್ಳಬೇಡಿ. ಮಾದಕ ವಸ್ತುವಿನ ಕೇಸುಗಳಿಗೆಂದೇ ಇರುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೂ ಇದೇ ಬಗೆಯ ಊಹೆ ಇದೆ. 35ನೇ ಕಲಂ ಆರೋಪಿಗೆ ಅಪರಾಧದ ಮನಸ್ಸು ಇತ್ತು ಎಂದು ಊಹಿಸಿಕೊಳ್ಳುತ್ತದೆ. 54ನೇ ಕಲಂ ಮಾಲು ಕೈಯಲ್ಲಿ ಸಿಕ್ಕರೆ ಅಪರಾಧ ನಡೆದಿದೆ ಎಂದು ಊಹಿಸುತ್ತದೆ. 37ನೇ ಕಲಂನಿಂದಾಗಿ, ಪ್ರಮಾಣ ದೊಡ್ಡದಿದ್ದರೆ ಜಾಮೀನು ಸಿಗುವುದು ಬಹಳ ಕಷ್ಟ. ಹೆರಾಯಿನ್ 250 ಗ್ರಾಂ ದಾಟಿದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸಜೆ. ಎರಡನೇ ಸಲ ಸಿಕ್ಕಿಬಿದ್ದರೆ ಕೆಲವು ಸಂದರ್ಭಗಳಲ್ಲಿ ಮರಣದಂಡನೆ ಕಡ್ಡಾಯ ಎಂಬ ಮಾತೂ ಕಾಯ್ದೆಯಲ್ಲಿತ್ತು. 2011ರಲ್ಲಿ ಬಾಂಬೆ ಹೈಕೋರ್ಟ್ ಆ ಕಡ್ಡಾಯವನ್ನು ಒಪ್ಪಲಿಲ್ಲ. 2014ರ ತಿದ್ದುಪಡಿಯಲ್ಲಿ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ವಿಷಯವಾಯಿತು.

ಕರಾವಳಿಯ ನಮ್ಮಂಥವರಿಗೆ ಈ ಕತೆ ಬೇರೆ ಥರ ತಟ್ಟುತ್ತದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ಯಾರಾದರೂ ದುಬೈಗೋ ದೋಹಾಕ್ಕೋ ಹೊರಟರೆ ಊರಿಗೆಲ್ಲ ಸುದ್ದಿ. ಒಬ್ಬರು ಉಪ್ಪಿನಕಾಯಿ ತರುತ್ತಾರೆ, ಇನ್ನೊಬ್ಬರು ಹಪ್ಪಳ, ಮತ್ತೊಬ್ಬರು ಮಗನ ಬಿಪಿ ಮಾತ್ರೆ. ವಿಮಾನ ನಿಲ್ದಾಣದ ಹೊರಗೆ ಸೂಟ್‌ಕೇಸ್ ಬಿಚ್ಚಿ ತೂಕ ಸರಿಮಾಡುವ ಕುಟುಂಬಗಳನ್ನು ಎಲ್ಲರೂ ನೋಡಿರುತ್ತೀರಿ. ಹೋಗುವವರು ಬೇರೆಯವರ ಪಾರ್ಸೆಲ್ ಒಯ್ಯಬೇಕು, ಅದು ನಮ್ಮಲ್ಲಿ ಮರ್ಯಾದೆಯ ಮಾತು.

ನಾನು ಅಣ್ಣನ ಮನೆಗೆ ದುಬೈಗೆ ಹೊರಟಾಗ ಪಕ್ಕದ ಮನೆಯ ಅಕ್ಕ ಮಗಳಿಗೆಂದು ಒಂದು ಗಂಟು ತಂದರು. ಬಟ್ಟೆಯಲ್ಲಿ ಸುತ್ತಿ ಹೊಲಿದಿದ್ದರು. ಬಿಚ್ಚಿ ನೋಡಬಹುದಾ ಅಂತ ಕೇಳಿದೆ.

“ಎಂತ ಮಗಾ, ನಮ್ಮ ಮೇಲೆ ನಂಬಿಕೆ ಇಲ್ವಾ?” ಅಂದರು.

ಅಮ್ಮನಿಗೆ ನಾಚಿಕೆಯಾಯಿತು. “ಸುಮ್ನೆ ಇಟ್ಕೊ ಮಾರಾಯ” ಅಂತ ಒಳಗಿನಿಂದಲೇ ಹೇಳಿದರು. ನಾನು ಬಿಚ್ಚಿದೆ. ಸಾರಿನ ಪುಡಿ, ಬಾಳಕದ ಮೆಣಸು, ಒಂದು ಸೀರೆ. ಜೊತೆಗೆ ಒಂದು ಪೊಟ್ಟಣ ಗಸಗಸೆ. ಮಗಳು ಬಸುರಿ, ಪಾಯಸ ಮಾಡಿಕೊಳ್ಳಲಿ ಅಂತ ಇಟ್ಟಿದ್ದರು. ಯುಎಇ, ಸೌದಿ, ಕತಾರ್‌ನಲ್ಲಿ ಗಸಗಸೆ ನಿಷೇಧ. ಅಫೀಮಿನ ಗಿಡದ ಬೀಜ ಅದು, ಹಾಗಾಗಿ ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ಅದನ್ನು ತೆಗೆದಿಟ್ಟು ಉಳಿದದ್ದನ್ನು ಒಯ್ದೆ. ಅಕ್ಕ ನನ್ನ ಜೊತೆ ಒಂದಷ್ಟು ಕಾಲ ಸರಿಯಾಗಿ ಮಾತಾಡಲಿಲ್ಲ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಅವರು ಕೊಟ್ಟದ್ದು ಪ್ರೀತಿ. ನಾನು ಪರೀಕ್ಷೆ ಮಾಡಿದೆ.

ಈ ಪ್ರೀತಿಯನ್ನೇ ದಂಧೆಯವರು ಬಳಸಿಕೊಳ್ಳುತ್ತಾರೆ. 2019ರ ಜುಲೈನಲ್ಲಿ ಮುಂಬೈಯ ಒಬ್ಬ ಗಂಡ ಹೆಂಡತಿ ದೋಹಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ಚೀಲದಲ್ಲಿ ನಾಲ್ಕು ಕಿಲೋ ಹಶೀಶ್. ಪ್ರವಾಸವನ್ನು ಉಡುಗೊರೆಯಾಗಿ ಕೊಟ್ಟದ್ದು ಗಂಡನ ಮನೆಯ ಹತ್ತಿರದ ಸಂಬಂಧಿ. ಪ್ಯಾಕೆಟ್ ಕೊಟ್ಟದ್ದೂ ಅವರೇ. ಇಬ್ಬರಿಗೂ 10 ವರ್ಷ ಶಿಕ್ಷೆಯಾಯಿತು. ಹೆಂಡತಿ ಬಸುರಿ, ಮಗು ಹುಟ್ಟಿದ್ದು ಜೈಲಿನಲ್ಲಿ. ಇಲ್ಲಿ ಮನೆಯವರು ಹಟ ಬಿಡಲಿಲ್ಲ. ನಮ್ಮ ಮಾದಕ ವಸ್ತು ನಿಯಂತ್ರಣ ಬ್ಯೂರೋ ತನಿಖೆ ಮಾಡಿತು, ಕಳಿಸಿದವರ ಜಾಲ ಹೊರಬಂತು, ಆ ವಿವರ ಕತಾರಿಗೆ ತಲುಪಿತು. ಅಲ್ಲಿನ ಮೇಲಿನ ಕೋರ್ಟ್ ಮರುವಿಚಾರಣೆಗೆ ಹೇಳಿತು. 2021ರಲ್ಲಿ ಖುಲಾಸೆಯಾಗಿ ಮಗುವಿನ ಜೊತೆ ಊರಿಗೆ ಬಂದರು. 2023ರಲ್ಲಿ ಮುಂಬೈಯ ಒಬ್ಬ ನಟಿಯನ್ನು ಶಾರ್ಜಾದಲ್ಲಿ ಹಿಡಿದರು. ಆಡಿಷನ್ ಇದೆ ಎಂದು ಕಳಿಸಿದವರು ಕೈಗೆ ಒಂದು ಟ್ರೋಫಿ ಕೊಟ್ಟಿದ್ದರು, ಮಾಲು ಅದರೊಳಗೆ. ಮುಂಬೈ ಪೊಲೀಸರು ಕಳಿಸಿದವರನ್ನೇ ಹಿಡಿದದ್ದರಿಂದ ಆಕೆಯೂ ಹೊರಬಂದರು.

ಎರಡೂ ಕಡೆ ಬಿಡುಗಡೆಯ ಬೀಗದ ಕೈ ಇದ್ದದ್ದು ಜೈಲಿನಲ್ಲಲ್ಲ, ಊರಿನಲ್ಲಿ. ಇದು ಯಾರಾದರೂ ಹೀಗೆ ಸಿಕ್ಕಿಬಿದ್ದಾಗ ಮನೆಯವರು ತಿಳಿದಿರಬೇಕಾದ ವಿಷಯ. ರಾಯಭಾರ ಕಚೇರಿಯವರು ಭೇಟಿ ಮಾಡಬಹುದು, ವಕೀಲರ ಪಟ್ಟಿ ಕೊಡಬಹುದು, ಮನೆಗೆ ಸುದ್ದಿ ಮುಟ್ಟಿಸಬಹುದು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಡುವ ಹಕ್ಕು ಅದು. ಆದರೆ ಅವರು ಜೈಲಿನ ಬಾಗಿಲು ತೆಗೆಸಲಾರರು. ಚೀಲ ಕೊಟ್ಟದ್ದು ಯಾರು ಎಂಬುದಕ್ಕೆ ಇಲ್ಲಿ ದೂರು ದಾಖಲಾಗಬೇಕು. ಫೋನ್ ಮಾತು, ಸಂದೇಶ, ಟಿಕೆಟ್ ಯಾರ ದುಡ್ಡಿನಲ್ಲಿ ಬಂತು ಎಂಬ ದಾಖಲೆ, ಇವೆಲ್ಲ ಇಲ್ಲಿ ಸಿಗಬೇಕು. ‘ಬ್ಯಾಂಕಾಕ್ ಹಿಲ್ಟನ್’ನಲ್ಲಿ ಈ ಕೆಲಸ ಮಾಡುವುದು ಕ್ಯಾಟ್‌ಳ ಅಪ್ಪ ಹಾಲ್ ಸ್ಟಾಂಟನ್. ಡೆನ್‌ಹೋಮ್ ಎಲಿಯಟ್ ಮಾಡಿದ ಪಾತ್ರ. ಯುದ್ಧದ ಕಾಲದ ಕಳಂಕ ಹೊತ್ತು ಬ್ಯಾಂಕಾಕಿನಲ್ಲಿ ಮರೆಯಾಗಿ ಬದುಕುತ್ತಿರುವ ಮುದುಕ. ನಾನೇ ನಿನ್ನ ಅಪ್ಪ ಎಂದು ಹೇಳಿಕೊಳ್ಳದೆ ಮಗಳಿಗಾಗಿ ದುಡಿಯುತ್ತಾನೆ. ಎಲಿಯಟ್ ಅವರ ಕಣ್ಣುಗಳಲ್ಲಿ ನಾಚಿಕೆ ಮತ್ತು ಹೆಮ್ಮೆ ಒಟ್ಟಿಗೆ ಕಾಣುತ್ತವೆ. ಇಡೀ ಸರಣಿಯಲ್ಲಿ ನನಗೆ ತುಂಬ ಇಷ್ಟವಾದ ನಟನೆ ಅವರದೇ.

ಈಗ ತಕರಾರು. ಜೈಲಿನಲ್ಲಿ ಕ್ಯಾಟ್‌ಗೆ ಮ್ಯಾಂಡಿ ಎಂಗಲ್ಸ್ ಎಂಬವಳು ಸಿಗುತ್ತಾಳೆ. ಅವಳೂ ಆಸ್ಟ್ರೇಲಿಯಾದವಳು, ಮರಣದಂಡನೆಗೆ ಕಾಯುತ್ತಿದ್ದಾಳೆ. ಬುದ್ಧಿ ಪೂರ್ತಿ ಬೆಳೆಯದ ಅವಳ ತಮ್ಮ ಬಿಲ್ಲಿಯೂ ಬಂಧನದಲ್ಲಿದ್ದಾನೆ. ಮ್ಯಾಂಡಿಯನ್ನು ಗುಂಡಿಟ್ಟು ಕೊಲ್ಲುತ್ತಾರೆ. ಥಾಯ್ಲೆಂಡಿನಲ್ಲಿ ಆಗ ಇದ್ದ ಕ್ರಮವೇ ಅದು. ಕೈದಿಯನ್ನು ಬಂದೂಕಿಗೆ ಬೆನ್ನು ಮಾಡಿ ಕಂಬಕ್ಕೆ ಕಟ್ಟುತ್ತಿದ್ದರು. ಕೈಗಳನ್ನು ಮುಗಿದಂತೆ ಸೇರಿಸಿ ಹೂವು ಇಡುತ್ತಿದ್ದರು. ನಡುವೆ ಒಂದು ಬಟ್ಟೆಯ ಪರದೆ, ಅದರ ಮೇಲೆ ಗುರಿಯ ಗುರುತು. ಗುಂಡು ಹಾರಿಸುವವನಿಗೆ ಮನುಷ್ಯ ಕಾಣುವುದಿಲ್ಲ, ಗುರುತು ಮಾತ್ರ ಕಾಣುತ್ತದೆ. 2003ರಲ್ಲಿ ಇದನ್ನು ಬಿಟ್ಟು ವಿಷದ ಚುಚ್ಚುಮದ್ದಿಗೆ ಬದಲಾಯಿಸಿದರು.

ಮ್ಯಾಂಡಿಯ ನಿರಪರಾಧವನ್ನು ಸಾಬೀತು ಮಾಡಲು ಸರಣಿ ಹೊರಡುವುದಿಲ್ಲ. ಅವಳು ಸಾಯುತ್ತಾಳೆ, ಕ್ಯಾಟ್ ಹೊರಗೆ ಬರುತ್ತಾಳೆ. ಬರಹಗಾರರ ತಕ್ಕಡಿ ಹೀಗಿದೆ ಅನ್ನಿಸಿ ನನಗೆ ಹಿಂಸೆಯಾಯಿತು. ಏನೂ ಗೊತ್ತಿಲ್ಲದವಳಿಗೆ ಬದುಕು, ಉಳಿದವಳಿಗೆ ಗುಂಡು. ನಾವು ಇಬ್ಬರಿಗೂ ಅಳುತ್ತೇವೆ, ನಿಜ. ಆದರೆ ಒಬ್ಬಳ ಪರವಾಗಿ ಮಾತ್ರ ಸಿಟ್ಟಾಗುತ್ತೇವೆ.

ನಿಜವಾದ ಕೈದಿಗಳಲ್ಲಿ ಕ್ಯಾಟ್‌ನಂಥವರು ಇದ್ದಾರೆ. ಆದರೆ ಬಹಳ ಜನ ಕ್ಯಾಟ್ ಮತ್ತು ಮ್ಯಾಂಡಿಯ ನಡುವೆ ಎಲ್ಲೋ ಇರುವವರು. ಅವರಿಗೆ ಅರ್ಧ ಗೊತ್ತಿರುತ್ತದೆ. ಟಿಕೆಟ್ ಪುಕ್ಕಟೆ ಬಂದಾಗ ಏನೋ ಇದೆ ಅನ್ನಿಸಿರುತ್ತದೆ. ಸೂಟ್‌ಕೇಸ್ ಖಾಲಿಯಿದ್ದರೂ ಭಾರವಿದೆ ಅನ್ನಿಸಿರುತ್ತದೆ. ಮನೆಯಲ್ಲಿ ಸಾಲ ಇರುತ್ತದೆ, ಮಗುವಿಗೆ ಶಾಲೆಯ ಶುಲ್ಕ ಕಟ್ಟಬೇಕಿರುತ್ತದೆ. ಕೇಳಿದರೆ ಕೆಲಸ ಹೋಗುತ್ತದೆ. ಕೇಳದೆ ಇರುವುದನ್ನು ಬಡತನ ಬೇಗ ಕಲಿಸುತ್ತದೆ. ಗೊತ್ತಿತ್ತಾ, ಇಲ್ವಾ ಎಂಬ ಎರಡೇ ಖಾನೆ ಇರುವ ಫಾರಂನಲ್ಲಿ ಇವರು ಎಲ್ಲಿ ಟಿಕ್ ಮಾಡಬೇಕು?

ಫಿಲಿಪ್ಪೀನ್ಸಿನ ಮೇರಿ ಜೇನ್ ವೆಲೊಸೊ ಎರಡು ಮಕ್ಕಳ ತಾಯಿ. ಹಿಂದೆ ದುಬೈಯಲ್ಲಿ ಮನೆಗೆಲಸ ಮಾಡಿದ್ದವರು. ಮಲೇಷ್ಯಾದಲ್ಲಿ ಕೆಲಸ ಇದೆ ಎಂದು ಪರಿಚಯದವರು ಕರೆದರು. ಹೋದ ಮೇಲೆ ಆ ಕೆಲಸ ಇಲ್ಲ ಅಂದರು, ಒಂದು ಸೂಟ್‌ಕೇಸ್ ಕೊಟ್ಟು ಇಂಡೋನೇಷ್ಯಾಕ್ಕೆ ಕಳಿಸಿದರು. 2010ರ ಏಪ್ರಿಲ್‌ನಲ್ಲಿ ಯೋಗ್ಯಕರ್ತ ವಿಮಾನ ನಿಲ್ದಾಣದಲ್ಲಿ ಅದರ ಒಳಪದರದಿಂದ 2.6 ಕಿಲೋ ಹೆರಾಯಿನ್ ಹೊರಬಂತು. ಮರಣದಂಡನೆ. 2015ರ ಏಪ್ರಿಲ್ 29ರ ನಡುರಾತ್ರಿ ಗುಂಡಿಡಬೇಕಾದವರ ಪಟ್ಟಿಯಲ್ಲಿ ಅವರೂ ಇದ್ದರು. ಅದರ ಹಿಂದಿನ ದಿನ ಅವರನ್ನು ಕಳಿಸಿದ್ದ ಹೆಂಗಸು ಫಿಲಿಪ್ಪೀನ್ಸಿನಲ್ಲಿ ಪೊಲೀಸರ ಮುಂದೆ ಬಂದಳು. ಕಡೆ ಗಳಿಗೆಯಲ್ಲಿ ಶಿಕ್ಷೆ ನಿಂತಿತು. ಕರೆದುಕೊಂಡು ಹೋದವರಿಗೆ 2020ರಲ್ಲಿ ಅಕ್ರಮ ನೇಮಕಾತಿಗಾಗಿ ಜೀವಾವಧಿ ಶಿಕ್ಷೆಯಾಯಿತು. ಅದಾಗಿಯೂ ಮೇರಿ ಜೇನ್ ಇಂಡೋನೇಷ್ಯಾದ ಜೈಲಿನಲ್ಲೇ ಇದ್ದರು. 2024ರ ಡಿಸೆಂಬರ್‌ನಲ್ಲಿ ಸ್ವದೇಶಕ್ಕೆ ಕಳಿಸಿದರು, ಅದೂ ಅಲ್ಲಿನ ಜೈಲಿಗೆ.

ಮೇರಿ ಜೇನ್ ಶಿಕ್ಷೆ ನಿಂತ 2015ರ ಆ ರಾತ್ರಿಯೇ ಇಂಡೋನೇಷ್ಯಾದ ನುಸಕಂಬಂಗನ್ ದ್ವೀಪದಲ್ಲಿ ಎಂಟು ಮಂದಿಗೆ ಗುಂಡಿಟ್ಟರು. ಅವರಲ್ಲಿ ಇಬ್ಬರು ಆಸ್ಟ್ರೇಲಿಯಾದ ಆಂಡ್ರ್ಯೂ ಚಾನ್ ಮತ್ತು ಮಯೂರನ್ ಸುಕುಮಾರನ್. 2005ರಲ್ಲಿ ಬಾಲಿಯಿಂದ ಎಂಟು ಕಿಲೋಗೂ ಹೆಚ್ಚು ಹೆರಾಯಿನ್ ಸಾಗಿಸಲು ಹೊರಟ ಒಂಬತ್ತು ಜನರ ಗುಂಪಿನ ಮುಂದಾಳುಗಳು ಅವರು. ಇವರಿಗೆ ಎಲ್ಲ ಗೊತ್ತಿತ್ತು. ಯಾವ ಸಂದೇಹವೂ ಇಲ್ಲ. ಆಮೇಲಿನ ಹತ್ತು ವರ್ಷ ಕೆರೊಬೊಕಾನ್ ಜೈಲಿನಲ್ಲಿ ಸುಕುಮಾರನ್ ಚಿತ್ರ ಬರೆಯಲು ಕಲಿತರು, ಬೇರೆ ಕೈದಿಗಳಿಗೂ ಕಲಿಸಿದರು. ಕಲಾವಿದ ಬೆನ್ ಕ್ವಿಲ್ಟಿ ಅವರಿಗೆ ಗುರುವಾದರು. ಚಾನ್ ದೇವಶಾಸ್ತ್ರ ಓದಿ ಪಾದ್ರಿಯಾದರು, ಸಾಯುವುದಕ್ಕೆ ಎರಡು ದಿನ ಇರುವಾಗ ಮದುವೆಯಾದರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಒಪ್ಪದೆ, ಹಾಡುತ್ತಾ ನಿಂತಿದ್ದರಂತೆ.

ಈ ಗುಂಪಿನ ಒಬ್ಬ ಹುಡುಗನ ಅಪ್ಪನ ಪಾಡು ಇನ್ನೂ ಕಷ್ಟದ್ದು. ಮಗ ಏನೋ ಅನಾಹುತ ಮಾಡಿಕೊಳ್ಳಲಿದ್ದಾನೆ ಎಂಬ ಭಯದಿಂದ ಅವರು ಪರಿಚಯದ ವಕೀಲರ ಮೂಲಕ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರಿಗೆ ಸುದ್ದಿ ಮುಟ್ಟಿಸಿದರು. ಹೊರಡುವ ಮೊದಲೇ ತಡೆಯಲಿ ಎಂಬುದಷ್ಟೇ ಆಸೆ. ತಡೆಯಲಿಲ್ಲ. ಗುಂಪಿನ ಮಾಹಿತಿಯನ್ನು ಆಸ್ಟ್ರೇಲಿಯಾದ ಪೊಲೀಸರು ಇಂಡೋನೇಷ್ಯಾಕ್ಕೆ ಕೊಟ್ಟರು. ಮರಣದಂಡನೆ ಇರುವ ದೇಶಕ್ಕೆ. ಆ ಹುಡುಗನಿಗೆ ಒಂದು ಹಂತದಲ್ಲಿ ಮರಣದಂಡನೆಯೇ ಆಗಿತ್ತು, ಆಮೇಲೆ ಜೀವಾವಧಿಗೆ ಇಳಿಯಿತು. ಬದುಕುಳಿದ ಕೊನೆಯ ಐವರು ಆಸ್ಟ್ರೇಲಿಯಾಕ್ಕೆ ಮರಳಿದ್ದು 2024ರ ಡಿಸೆಂಬರ್‌ನಲ್ಲಿ. ಅವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನಲ್ಲಿ ಒಳಗೆ ಹೋಗಿ ನಡುವಯಸ್ಸಿಗೆ ಹತ್ತಿರವಾಗಿ ಹೊರಬಂದರು.

ಹೆರಾಯಿನ್ ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಗಳ ಸಂಕಟ ಬೇರೆ ಯಾವುದಕ್ಕೂ ಕಡಿಮೆಯಲ್ಲ. ಆದರೆ ಗಲ್ಲಿಗೆ ಹೋಗುವವರು ಯಾರು ಅಂತ ನೋಡಿ. 2022ರಲ್ಲಿ ಸಿಂಗಾಪುರ ಗಲ್ಲಿಗೇರಿಸಿದ ತಮಿಳು ಮೂಲದ ಮಲೇಷ್ಯಾದ ನಾಗೇಂದ್ರನ್ ತೊಡೆಗೆ ಕಟ್ಟಿಕೊಂಡು ಬಂದದ್ದು 42.72 ಗ್ರಾಂ ಹೆರಾಯಿನ್. ಅವನ ಬುದ್ಧಿಮಟ್ಟ (ಐಕ್ಯೂ) 69 ಮಾತ್ರ ಎಂದು ಪರೀಕ್ಷೆಯಲ್ಲಿ ಕಂಡಿತ್ತು. ಬಿಲ್ಲಿ ಎಂಗಲ್ಸ್ ಕಾಲ್ಪನಿಕ ಪಾತ್ರ, ನಾಗೇಂದ್ರನ್ ಅಲ್ಲ. ಹೊತ್ತು ತಂದವನು ಸತ್ತ. ಹೊರಿಸಿದವರ ದಂಧೆ ಅಲ್ಲಿಗೆ ನಿಲ್ಲಲಿಲ್ಲ. ಸಾಗಿಸುವವರು ಅವರಿಗೆ ಬೇಕಾದಷ್ಟು ಸಿಗುತ್ತಾರೆ. ಮಲೇಷ್ಯಾ ಕೊನೆಗೂ 2023ರಲ್ಲಿ ಕಡ್ಡಾಯ ಮರಣದಂಡನೆಯನ್ನು ತೆಗೆಯಿತು. ಬಾರ್ಲೋ ಮತ್ತು ಚೇಂಬರ್ಸ್ ಸತ್ತು ಆಗ 37 ವರ್ಷ.

ಸರಣಿ ನೋಡುವಾಗ ಇನ್ನೊಂದು ವಿಷಯವೂ ಚುಚ್ಚಿತು. ಆ ಜೈಲಿನ ತುಂಬ ಥಾಯ್ ಹೆಂಗಸರಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಹೆಸರಿಲ್ಲ, ಕತೆಯಿಲ್ಲ, ಮನೆಯಿಲ್ಲ. ವಿದೇಶಿ ಹುಡುಗಿಯ ನರಕಕ್ಕೆ ಅವರು ಹಿನ್ನೆಲೆ ಅಷ್ಟೇ. ಥಾಯ್ ಅಧಿಕಾರಿಗಳು ಕ್ರೂರಿಗಳು ಅಥವಾ ಲಂಚಕೋರರು. ನಿಜದ ಥಾಯ್ಲೆಂಡ್ ಜಗತ್ತಿನಲ್ಲೇ ಅತಿ ಹೆಚ್ಚು ಮಹಿಳೆಯರನ್ನು ಜೈಲಿನಲ್ಲಿಟ್ಟಿರುವ ದೇಶಗಳಲ್ಲಿ ಒಂದು. ಅವರಲ್ಲಿ ಬಹುಪಾಲು ಮಾದಕ ವಸ್ತುವಿನ ಕೇಸಿನವರು, ಬಹುಪಾಲು ಬಡವರು. ಅಂದಹಾಗೆ ‘ಬ್ಯಾಂಕಾಕ್ ಹಿಲ್ಟನ್’ ಎಂಬ ಅಡ್ಡಹೆಸರು ಅಂಟಿಕೊಂಡಿರುವ ಬಾಂಗ್ ಕ್ವಾಂಗ್ ಜೈಲು ಗಂಡಸರದು. ಬ್ಯಾಂಕಾಕಿನ ಉತ್ತರಕ್ಕೆ ನೊಂಥಬುರಿಯಲ್ಲಿ ಚಾವೊ ಫ್ರಾಯ ನದಿಯ ಬದಿಗಿದೆ. ಹೆಂಗಸರ ದೊಡ್ಡ ಜೈಲು ಇರುವುದು ಕ್ಲಾಂಗ್ ಪ್ರೇಮ್ ಆವರಣದಲ್ಲಿ.

ಮಹಿಳಾ ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದಕ್ಕೆ ವಿಶ್ವಸಂಸ್ಥೆ 2010ರಲ್ಲಿ ಒಪ್ಪಿದ ನಿಯಮಗಳಿಗೆ ‘ಬ್ಯಾಂಕಾಕ್ ನಿಯಮಗಳು’ ಎಂದೇ ಹೆಸರು. ಮುಂದೆ ನಿಂತು ಮಾಡಿಸಿದ್ದು ಥಾಯ್ ರಾಜಕುಮಾರಿ ಬಜ್ರಕಿತಿಯಾಭಾ. ಬಸುರಿ ಕೈದಿಗೆ ಹೆರಿಗೆ ಹೊತ್ತಿನಲ್ಲಿ ಬೇಡಿ ಹಾಕಬಾರದು, ಮಕ್ಕಳಿರುವ ತಾಯಿಗೆ ಜೈಲಿನ ಬದಲು ಬೇರೆ ದಾರಿ ನೋಡಬೇಕು ಅಂತೆಲ್ಲ ಅದರಲ್ಲಿದೆ. ಜೈಲಿನ ಭಯಕ್ಕೆ ಹೆಸರಾದ ಊರಿನಿಂದಲೇ ಅದು ಬಂತು. ಇಂಥ ಥಾಯ್ಲೆಂಡ್ ಆ ಸರಣಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಇದನ್ನೆಲ್ಲ ಯೋಚಿಸುವಾಗ ಬೆಂಗಳೂರಿಗೆ ಬರದೆ ಇರಲು ಆಗುವುದಿಲ್ಲ. 2022ರಲ್ಲಿ ಥಾಯ್ಲೆಂಡ್ ಗಾಂಜಾವನ್ನು ನಿಷೇಧದ ಪಟ್ಟಿಯಿಂದ ತೆಗೆಯಿತು. ಅದರ ಬೆನ್ನಿಗೇ ಬ್ಯಾಂಕಾಕಿನಿಂದ ಬರುವ ವಿಮಾನಗಳಲ್ಲಿ ಹೈಡ್ರೋಪೋನಿಕ್ ಗಾಂಜಾ, ಅಂದರೆ ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ್ದು, ಬರಲು ಶುರುವಾಯಿತು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಹಿಡಿದ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಚಾಕಲೇಟ್ ಪೊಟ್ಟಣದಲ್ಲಿ, ತಿಂಡಿ ಡಬ್ಬದಲ್ಲಿ. ಸಿಕ್ಕಿಬೀಳುವವರಲ್ಲಿ ಪುಕ್ಕಟೆ ಟಿಕೆಟ್, ಹೋಟೆಲ್, ಒಂದಿಷ್ಟು ದುಡ್ಡಿನ ಆಸೆಗೆ ಹೋದ ಹುಡುಗರಿದ್ದಾರೆ. ಇದೇ ನಿಲ್ದಾಣದಲ್ಲಿ ಆಫ್ರಿಕಾ, ಲ್ಯಾಟಿನ್ ಅಮೆರಿಕದ ಹೆಂಗಸರು ಕೊಕೇನ್ ಜೊತೆ ಸಿಕ್ಕಿಬಿದ್ದಿದ್ದಾರೆ. ಕೆಲವರು ಅದನ್ನು ಕ್ಯಾಪ್ಸೂಲ್ ಮಾಡಿ ನುಂಗಿ ಬಂದವರು. ಒಂದು ಒಡೆದರೆ ಸಾವು.

ಅಂಥ ಹೆಂಗಸಿಗೆ ಪರಪ್ಪನ ಅಗ್ರಹಾರವೇ ಪರದೇಶದ ಜೈಲು. ನಮ್ಮ ಕನ್ನಡ ಅವಳಿಗೆ ಅರ್ಥವಾಗದ ಭಾಷೆ. ಜಾಮೀನು ಸಿಕ್ಕರೂ ಸ್ಥಳೀಯ ಶ್ಯೂರಿಟಿ ಕೊಡುವವರು ಯಾರು? ಪಾಸ್‌ಪೋರ್ಟ್ ಕೋರ್ಟಿನಲ್ಲಿ, ವೀಸಾ ಮುಗಿದುಹೋಗಿದೆ, ಊಟ ತರುವ ಮನೆಯವರಿಲ್ಲ. ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿ, ‘ವಿದೇಶಿ ಮಹಿಳೆ ಸೆರೆ’. ಅವಳ ಅಮ್ಮ ತನ್ನ ಊರಿನಲ್ಲಿ ಬಾರ್ಬರಾ ಬಾರ್ಲೋ ಥರ ಓಡಾಡುತ್ತಿರಬಹುದು. ಓಡಾಡಲು ದುಡ್ಡೇ ಇಲ್ಲದಿರಬಹುದು. ವಿದೇಶದ ಜೈಲುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಭಾರತೀಯರಿದ್ದಾರೆ ಎಂದು ನಮ್ಮ ಸರ್ಕಾರ ಸಂಸತ್ತಿಗೆ ಹೇಳಿದೆ. ಅವರನ್ನು ಅಲ್ಲಿನವರು ಮನುಷ್ಯರಂತೆ ನೋಡಲಿ ಅಂತ ಬಯಸುವ ನಾವು ಇಲ್ಲಿರುವ ಇವಳನ್ನು ನೋಡಿದ್ದೇವಾ?

ಶಿಕ್ಷೆಯಾದವರನ್ನು ಅವರವರ ದೇಶದ ಜೈಲಿಗೆ ಕಳಿಸಲು 2003ರಲ್ಲೇ ನಮ್ಮಲ್ಲಿ ಕಾಯ್ದೆ ಬಂದಿದೆ. ಥಾಯ್ಲೆಂಡ್, ಕತಾರ್ ಸೇರಿ ಹಲವು ದೇಶಗಳ ಜೊತೆ ಒಪ್ಪಂದವೂ ಆಗಿದೆ. ಆದರೆ ಎರಡು ದೇಶಗಳೂ ಒಪ್ಪಬೇಕು, ಮೇಲ್ಮನವಿಗಳೆಲ್ಲ ಮುಗಿದಿರಬೇಕು, ಕೈದಿಯೂ ಒಪ್ಪಬೇಕು. ವಿಚಾರಣೆಯಲ್ಲೇ ವರ್ಷಗಟ್ಟಲೆ ಕಳೆಯುವವರಿಗೆ ಇದರಿಂದ ಪ್ರಯೋಜನವಿಲ್ಲ.

ಕನ್ನಡದಲ್ಲಿ ಯಾರಾದರೂ ಇಂಥ ಒಂದು ಸರಣಿ ಮಾಡಲಿ ಅಂತ ನನಗೆ ನಿಜವಾಗಿ ಆಸೆ ಇದೆ. ನಮ್ಮ ಹುಡುಗಿ ಬ್ಯಾಂಕಾಕಿನಲ್ಲಿ ಸಿಕ್ಕಿಬೀಳುವ ಕತೆ ಬೇಡ, ಅದು ಆಗಿದೆ. ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಹೊರದೇಶದ ಒಬ್ಬ ಹೆಂಗಸು ಇರಲಿ. ಅವಳಿಗೆ ಅರ್ಧ ಗೊತ್ತಿರಲಿ. ಉಚಿತ ಕಾನೂನು ನೆರವಿನಿಂದ ನೇಮಕವಾದ, ಕೈತುಂಬ ಕೇಸುಗಳಿರುವ ಒಬ್ಬ ವಕೀಲೆ ಇರಲಿ. ಅವಳ ಭಾಷೆ ಬಲ್ಲ ದುಭಾಷಿಯನ್ನು ಹುಡುಕಿ ಸುಸ್ತಾಗುವ ಕೋರ್ಟ್ ಗುಮಾಸ್ತರಿರಲಿ. ರಾತ್ರಿ ಪಾಳಿಯಲ್ಲಿ ಅವಳ ಜೊತೆ ಕೈಸನ್ನೆಯಲ್ಲೇ ಮಾತಾಡಲು ಕಲಿಯುವ ಹಾಸನದ ಕಡೆಯ ವಾರ್ಡನ್ ಒಬ್ಬರಿರಲಿ. ಕೊನೆಗೆ ಅವಳಿಗೆ ಶಿಕ್ಷೆಯೇ ಆಗಲಿ, ಪರವಾಗಿಲ್ಲ. ಆ ಚೀಲವನ್ನು ಅವಳ ಕೈಗೆ ಕೊಟ್ಟವನನ್ನು ಹುಡುಕುವ ಕೆಲಸಕ್ಕೆ ಒಂದು ಪೂರ್ತಿ ಕಂತು ಮೀಸಲಿಡಲಿ.